ಒಂಟಿಕೊಪ್ಪಲಿನಲ್ಲಿ ಕಂಡ ನಾಳೆಯ ಮೋಡಗಳು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಆದರೂ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಎರಡು ಸಾವಿರದ ಎಂಟರ ಮೇ ತಿಂಗಳು. ಹವಾಮಾನ ಕಚೇರಿಗಳಲ್ಲಿ ಮುನ್ಸೂಚನೆ ಬರೆಯುವ ನಮ್ಮಂಥವರಿಗೆ ಮೂರು ದಿನದ ತರಬೇತಿ. ನಾಳೆ ಉಪಗ್ರಹ ತೆಗೆಯುವ ಮೋಡದ ಚಿತ್ರವನ್ನು ಕಂಪ್ಯೂಟರ್ ಇವತ್ತೇ ಬರೆದುಕೊಡುತ್ತದಂತೆ, ನಾವು ಅದನ್ನು ಓದಲು ಕಲಿಯಬೇಕಂತೆ. ಎಲ್ಲವನ್ನೂ ಅದೇ ಬರೆಯುವುದಾದರೆ ನಮಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವವರು ಯಾರು? ಇದೇ ನನ್ನ ಚಿಂತೆ. ಮದ್ದೂರಿನಲ್ಲಿ ಬಿಸಿ ವಡೆ ಬಂತು. ಚಿಂತೆಯ ನಡುವೆಯೂ ಎರಡು ತಿಂದೆ.

ಸ್ಟೇಷನ್ನಿನಿಂದ ಒಂಟಿಕೊಪ್ಪಲಿಗೆ ಆಟೊ ಹಿಡಿದೆ. ಚಾಲಕ ಕೇಳುವ ಮೊದಲೇ ಮೀಟರ್ ಹಾಕಿದ. ಬೆಂಗಳೂರಿನವಳಾದ ನನಗೆ ಇದರಲ್ಲೇನೋ ಮೋಸವಿರಬೇಕು ಅನ್ನಿಸಿತು. ಮೋಸವೇನೂ ಇರಲಿಲ್ಲ. ತರಬೇತಿ ನಡೆಯುವುದು ಹಳೆಯದೊಂದು ಕಟ್ಟಡದ ಮಹಡಿಯಲ್ಲಿ. ಕೆಳಗೆ ಲಲಿತಮ್ಮ ಎಂಬವರ ಊಟದ ಮನೆ.

ಮೊದಲ ದಿನ ನಮ್ಮ ಮೇಷ್ಟ್ರು ವೇಣುಗೋಪಾಲ್, ನನಗಿಂತ ಬಹಳ ಚಿಕ್ಕವರು, ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿ ಸುಮ್ಮನೆ ಕೂತರು. ಕೊಡಗಿನ ಮೇಲೆ ದಪ್ಪನೆಯ ಬಿಳಿ ಮೋಡ. ಅದು ಕಾದ ನೆಲದಿಂದ ಎದ್ದದ್ದು ಎಂದೆ ನಾನು. ಪಕ್ಕದಲ್ಲಿ ಕೂತಿದ್ದ ನಂಜುಂಡಸ್ವಾಮಿ ಸಮುದ್ರದ ಗಾಳಿ ತಂದದ್ದು ಎಂದರು. ಅವರು ಮೈಸೂರಿನವರೇ, ಕೆಲಸ ಮಾತ್ರ ಮಂಗಳೂರಿನಲ್ಲಿ. ಇಬ್ಬರ ದನಿಯೂ ಏರಿತು. ಕೊನೆಗೆ ವೇಣುಗೋಪಾಲ್ ಮೆಲ್ಲಗೆ ಹೇಳಿದರು, “ಇಬ್ಬರದ್ದೂ ಒಳ್ಳೆ ವಾದ. ಆದ್ರೆ ಇದು ನಾಳೆ ಮಧ್ಯಾಹ್ನದ ಚಿತ್ರ. ಈ ಮೋಡ ಇನ್ನೂ ಹುಟ್ಟಿಲ್ಲ.”

ತರಗತಿಯೆಲ್ಲ ನಕ್ಕಿತು. “ಹುಟ್ಟದೇ ಇರೋ ಕೂಸಿನ ಜಾತಕಕ್ಕೆ ಜಗಳ ಆಡ್ಬುಟ್ವಲ್ಲ ಮೇಡಂ,” ಎಂದರು ನಂಜುಂಡಸ್ವಾಮಿ. ನಾನೂ ನಕ್ಕೆ. ಆದರೆ ನಕಲಿ ಯಾವುದು, ಅಸಲಿ ಯಾವುದು ಎಂದೇ ನನಗೆ ಗೊತ್ತಾಗಿರಲಿಲ್ಲ.

ಎರಡನೆಯ ದಿನ ಪಾಠ ತಲೆಗೆ ಹತ್ತಿತು. ಕಂಪ್ಯೂಟರ್ ಮುಂದಿನ ಗಾಳಿ, ತೇವ, ಮೋಡಗಳ ಲೆಕ್ಕ ಹಾಕಿ, ಅವನ್ನು ಮೇಲಿನಿಂದ ಉಪಗ್ರಹ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಚಿತ್ರ ಬರೆಯುತ್ತದೆ. ನಿಜವಾದ ಚಿತ್ರ ಬಂದ ಕೂಡಲೇ ಅದೇ ಹೊತ್ತಿನ ಲೆಕ್ಕದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹೊಂದಿದರೆ ಮುಂದಿನದನ್ನು ನಂಬಬಹುದು. ಸಂಜೆ ಸೆಕೆ ತಡೆಯಲಾರದೆ ಎಲ್ಲರೂ ಹೊರಗೆ ಹೋಗಿ ಕಬ್ಬಿನ ಹಾಲು ಕುಡಿದು ಬಂದೆವು.

ಮೂರನೆಯ ದಿನ ಬೆಳಗ್ಗೆ ಲಲಿತಮ್ಮ ಹಿಟ್ಟಿನ ಕೈಯಲ್ಲೇ ತರಗತಿಯ ಬಾಗಿಲಿಗೆ ಬಂದರು. “ವರ್ಷಕ್ಕಾಗೋ ಅಷ್ಟು ಸಂಡಿಗೆ ಹಿಟ್ಟು ಬೇಯಿಸ್ಬುಟ್ಟಿದೀನಿ. ತಾರಸಿ ಮೇಲೆ ಇಡ್ಲಾ, ಬೇಡ್ವಾ? ಇಷ್ಟು ಜನ ಮಳೆ ಹೇಳೋರು ಇದೀರಲ್ಲ, ಹೇಳಿ.”

ಲೆಕ್ಕದ ಚಿತ್ರಗಳಲ್ಲಿ ಸಂಜೆ ಆರರವರೆಗೆ ಮೈಸೂರಿನ ಮೇಲೆ ಮೋಡವಿರಲಿಲ್ಲ. ಮಳೆ ಏನಿದ್ದರೂ ಸಂಜೆ ಆರಕ್ಕೆ, ಧಾರಾಳವಾಗಿ ಇಡಿ ಎಂದೆವು.

ಹನ್ನೊಂದರ ಹೊತ್ತಿಗೆ ನಿಜವಾದ ಚಿತ್ರ ಬಂತು. ಲೆಕ್ಕದ ಚಿತ್ರದಲ್ಲಿ ಹೆಗ್ಗಡದೇವನಕೋಟೆಯ ಕಡೆ ಚೊಕ್ಕ ಆಕಾಶ. ಇದರಲ್ಲಿ ಅಲ್ಲೇ ಬೆಳ್ಳಗೆ ಒಂದು ಮೋಡದ ಗಡ್ಡೆ ಎದ್ದಿತ್ತು. ಗಾಳಿ ಅಲ್ಲಿಂದ ಮೈಸೂರಿನ ಕಡೆಗೇ ಬೀಸುತ್ತಿತ್ತು. ಕಂಪ್ಯೂಟರಿನ ಲೆಕ್ಕ ಕೆಲವು ಗಂಟೆ ಹಿಂದೆ ಬಿದ್ದಿತ್ತು. “ಊಟದ ಹೊತ್ತಿಗೇ ಮಳೆ ಬರುತ್ತೆ, ಸಂಡಿಗೆ ತೆಗೀಬೇಕು,” ಎಂದೆ.

“ಬಿಸ್ಲು ಹಿಂಗೆ ಹೊಡೀತಿದೆ,” ಎಂದರು ನಂಜುಂಡಸ್ವಾಮಿ. “ತೆಗೆಸಿ ಮಳೆ ಬರ್ಲಿಲ್ಲ ಅಂದ್ರೆ ಆಯಮ್ಮ ನಮಗೆ ಊಟ ಹಾಕಲ್ಲ ಕಣ್ರೀ.”

ವೇಣುಗೋಪಾಲ್ ಕಡೆ ನೋಡಿದೆ. “ನೀವು ಹೇಳಿದ ಹಾಗೆ,” ಎಂದರು ಅಷ್ಟೆ.

ಹೇಳಿಯೇಬಿಟ್ಟೆ. ಲಲಿತಮ್ಮನ ಮುಖ ಸಣ್ಣದಾಯಿತು. ಒಂದೊಂದು ಪ್ಲಾಸ್ಟಿಕ್ ಹಾಳೆಯ ಮೂಲೆಗಳನ್ನು ನಾಲ್ಕು ನಾಲ್ಕು ಜನ ಹಿಡಿದು, ಅರೆಒಣಗಿದ ಸಂಡಿಗೆಯನ್ನು ಉರಿಬಿಸಿಲಲ್ಲಿ ಕೆಳಗಿಳಿಸಿದೆವು. ಬೀದಿಯವರು ನಿಂತು ನೋಡಿದರು. ಊಟಕ್ಕೆ ಕೂತಾಗಲೂ ಬಿಸಿಲು ಹಾಗೇ ಇತ್ತು. ಲಲಿತಮ್ಮ ನನ್ನ ಕಡೆ ನೋಡದೆ ಸಾರು ಬಡಿಸಿದರು. ನಾನು ಅನ್ನ ಕಲಸುತ್ತ ಕಿಟಕಿಯನ್ನೇ ನೋಡುತ್ತಿದ್ದೆ.

ಮಜ್ಜಿಗೆ ಬರುವುದರೊಳಗೆ ಗಾಳಿ ಎದ್ದು ಕಿಟಕಿಗಳು ಬಡಿದವು. ಹಿಂದೆಯೇ ಆಲಿಕಲ್ಲು ಮಳೆ. ನನಗಾದ ಸಂತೋಷಕ್ಕೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಲಲಿತಮ್ಮ ಬಾಗಿಲಲ್ಲಿ ನಿಂತು ಮಳೆ ನೋಡಿದರು. ಆಮೇಲೆ ನನ್ನ ಬಳಿ ಬಂದು ಕೇಳಿದರು, “ನಿಮ್ಮ ಯಂತ್ರ ಸಂಜೆ ಅಂದಿತ್ತು, ಅಲ್ವೇನಮ್ಮ?”

“ಹೌದು.”

“ಹಾಗಾದ್ರೆ ಅದೊಂದನ್ನೇ ಬಿಟ್ಟು ನೀವು ಎಲ್ಲೂ ಹೋಗ್ಬೇಡಿ ಕಣಮ್ಮ.”

ಹೊರಡುವಾಗ ಅವರು ಅರೆಒಣಗಿದ ಸಂಡಿಗೆಯನ್ನು ಬಾಳೆಎಲೆಯಲ್ಲಿ ಕಟ್ಟಿಕೊಟ್ಟರು. ಸಂಜೆ ಆರಕ್ಕೆ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುತ್ತಿತ್ತು. ಸಂಡಿಗೆ ಬಾಯಿಗೆ ಹಾಕಿಕೊಂಡು ಹಿಂತಿರುಗಿ ನೋಡಿದೆ. ಕಂಪ್ಯೂಟರ್ ಮಳೆ ಸುರಿಸಬೇಕೆಂದಿದ್ದ ಹೊತ್ತಿನಲ್ಲಿ ಮೈಸೂರಿನ ಮೇಲೆ ಚೂರು ಮೋಡವೂ ಇರಲಿಲ್ಲ. ಪಾಪ, ಅದೊಂದನ್ನೇ ಬಿಡಬಾರದು ಅನ್ನಿಸಿತು. ನಾಳೆ ಬೆಳಗ್ಗೆ ಬೇಗ ಕಚೇರಿಗೆ ಹೋಗಬೇಕು ಅಂದುಕೊಂಡೆ.