ಎಡಗನ್ನಡಿಯ ಬಣ್ಣ

ನಮ್ಮ ಮನೆಯ ಗೇಟಿನ ಕಂಬ ಮೂವತ್ತು ವರ್ಷದಿಂದ ಅದೇ ಜಾಗದಲ್ಲಿದೆ. ಅದು ಸರಿದು ಬಂದು ಕಾರಿಗೆ ಹಾಯಲಿಲ್ಲ ಎಂಬುದು ನನಗೂ ಗೊತ್ತು. ಆದರೂ ಆ ಬೆಳಿಗ್ಗೆ ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಗೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಕರ್ ಎಂಬ ಸದ್ದು ಕೇಳಿ ನಾನು ಮೊದಲು ಬೈದದ್ದು ಆ ಕಂಬವನ್ನೇ. ಎಡಗಡೆಯ ಕನ್ನಡಿ ಮಡಚಿಕೊಂಡಿತ್ತು. ಗಾಜು ಉಳಿದಿತ್ತು. ಅದರ ಬೆನ್ನಿಗಿರುವ ಕೆಂಪು ಪ್ಲಾಸ್ಟಿಕ್ ಚಿಪ್ಪಿನ ಮೇಲೆ ಮಾತ್ರ ಅಂಗೈಯಗಲ ಬಣ್ಣ ಕಿತ್ತು ಕಪ್ಪು ಕಾಣುತ್ತಿತ್ತು.

ನಮ್ಮ ಮನೆಯವರು ಚಹಾದ ಕಪ್ಪು ಹಿಡಿದುಕೊಂಡೇ ಹೊರಗೆ ಬಂದರು. ಕನ್ನಡಿ ನೋಡಿದರು, ನನ್ನನ್ನು ನೋಡಲಿಲ್ಲ. ಕೈ ಚಾಚಿ ಕೀಲಿ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

“ಸಾಕು ಮಾಡು ಇನ್ನ. ಧಾರವಾಡಕ್ಕ ಬೇಕಾದಷ್ಟು ಬಸ್ ಅದಾವ. ನಿನಗೇನ ಕಡಿಮಿ ಆಗೇತಿ?”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಅಷ್ಟು ಸಮಾಧಾನದಿಂದ ಹೇಳಿದ್ದೇ ನನಗೆ ಉರಿ ಎಬ್ಬಿಸಿತು. ಇಪ್ಪತ್ತಾರು ವರ್ಷ ನಾನು ಧಾರವಾಡದ ಶಾಲೆಗೆ ಪಾಠ ಹೇಳಲು ಬಸ್ಸಿನಲ್ಲಿ ನಿಂತು ಹೋಗಿ ಬಂದವಳು. ಐವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಕಾರು ಕಲಿತೆ. ಆಮೇಲಿನ ಆರು ತಿಂಗಳು, ಎಲ್ಲಿಗೆ ಹೋಗಲಿ, ಎಷ್ಟೊತ್ತಿಗೆ ಹೋಗಲಿ ಎಂದು ಯಾರನ್ನೂ ಕೇಳದೆ ಬದುಕಿದ್ದೆ. ಆ ಕೀಲಿ ಒಮ್ಮೆ ಜೇಬಿಗಿಳಿದರೆ ಮತ್ತೆ ನನ್ನ ಕೈಗೆ ಬರುವುದಿಲ್ಲ ಎಂದು ಖಾತ್ರಿಯಾಗಿ, ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು.

“ಇದನ್ನ ನಾನ ಸರಿ ಮಾಡ್ತೇನಿ,” ಎಂದೆ. “ಮಾಡಿದ ಮ್ಯಾಲೆ ಯಾರಿಗೆ ಬೇಕಾದ್ರೂ ತೋರಸ್ರಿ. ಬಡದದ್ದು ಯಾವ ಕನ್ನಡಿ ಅಂತ ಅವರು ಹೇಳಿದ್ರ ನಾ ಇನ್ನ ಕೀಲಿ ಮುಟ್ಟೂದಿಲ್ಲ. ಹೇಳಾಕ ಆಗಲಿಲ್ಲ ಅಂದ್ರ ಕೀಲಿ ನನ್ನ ಕಡೆ.”

ಅವರಿಗೆ ನಗೆ ಬಂತು. “ಯಾರಿಗೋ ಯಾಕ? ಅಣ್ಣಗ ತೋರಸೂಣು. ಮುಂದಿನ ತಿಂಗಳ ಬರಾಂವ ಇದ್ದಾನ. ಅವಗ ಏನೂ ಹೇಳೂದು ಬ್ಯಾಡ.”

ಅಣ್ಣ ಎಂದರೆ ಧಾರವಾಡದಾಚೆಯ ಮುಗದದಲ್ಲಿ ಹೊಲ ಮಾಡಿಕೊಂಡಿರುವ ನಮ್ಮ ಭಾವನವರು. ಎತ್ತಿನ ಮೈಮೇಲೆ ಎಣ್ಣೆ ಹಚ್ಚಿ ಮುಚ್ಚಿದ ಹಳೆಯ ಗಾಯವನ್ನು ಹತ್ತು ಮಾರು ದೂರದಿಂದ ಹಿಡಿಯುವ ಕಣ್ಣು ಅವರದು. ಬೇಕಂತಲೇ ಅವರನ್ನು ಆರಿಸಿದ್ದರು. ಸಿಟ್ಟಿನಲ್ಲಿ ನಾನೂ ಹೂಂ ಅಂದುಬಿಟ್ಟೆ.

ಚಮಚೆಯ ಹಿಡಿಕೆಗೆ ಬಟ್ಟೆ ಸುತ್ತಿ ಮೀಟಿ ಚಿಪ್ಪನ್ನು ಬಿಚ್ಚಿದೆ. ಹುಬ್ಬಳ್ಳಿಯ ಒಂದು ಬಣ್ಣದಂಗಡಿಯಿಂದ ಅದೇ ಕೆಂಪಿನ ಸ್ಪ್ರೇ ಡಬ್ಬಿ ತಂದು, ಧೂಳು ಒರೆಸಿ, ಮನಸ್ಸಿಗೆ ಬಂದಷ್ಟು ಹೊಡೆದೆ. ಏನು ಹೊಳಪು ಬಂದಿತ್ತು. ಮೂರನೆಯ ದಿನ ಉಗುರು ತಾಗಿದ್ದೇ ತಡ, ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ಆ ಸಿಪ್ಪೆಯನ್ನೂ ಚಿಪ್ಪನ್ನೂ ಚೀಲಕ್ಕೆ ಹಾಕಿಕೊಂಡು ಜಗಳ ಆಡಲೆಂದೇ ಅಂಗಡಿಗೆ ಹೋದೆ.

ಅಂಗಡಿಯವರು ಅದನ್ನು ತಿರುಗಿಸಿ ನೋಡಿ, “ಅಕ್ಕಾರ, ಇದು ತಗಡ ಅಲ್ರಿ, ಪ್ಲಾಸ್ಟಿಕ್,” ಎಂದರು. “ಬಣ್ಣ ಇದನ್ನ ಸುಮ್ಮನ ಹಿಡಕೊಳ್ಳೂದಿಲ್ರಿ. ಮೊದಲ ಸಾಬೂನ ಹಚ್ಚಿ ತೊಳೀರಿ, ಜಿಡ್ಡ ಹೋಗ್ಲಿ. ನೀರಿನ ಉಪ್ಪುಕಾಗದಲೆ ಹೊಳಪ ಹೋಗೂತನಕಾ ತಿಕ್ಕರಿ. ಆಮ್ಯಾಲೆ ಬಣ್ಣ ಹಿಡಕೊಳ್ಳಾಕ ಪ್ಲಾಸ್ಟಿಕ್ಕಿನ ಪ್ರೈಮರ್, ಅದರ ಮ್ಯಾಲೆ ಬಣ್ಣ. ತೆಳ್ಳಗ, ಮೂರ ಸಲ. ಕಡೀಕ ಕ್ಲಿಯರ್, ಬಣ್ಣ ಇಲ್ಲದ ವಾರ್ನಿಶ್.”

“ಕ್ಲಿಯರ್ ಬರೇ ಹೊಳಪಿಗೇನ್ರಿ?”

“ಹೊಳಪಿಗಲ್ರಿ, ಕಲ್ಲಿಗೆ. ಮುಂದಿನ ಗಾಡಿ ಗಾಲಿಯಿಂದ ಸಿಡಿಯೂ ಕಲ್ಲ ಕನ್ನಡಿ ಮೂತಿಗೇ ಬಡೀತಾವ. ಕ್ಲಿಯರ್ ಗಟ್ಟಿ ಇರಲಿಲ್ಲಂದ್ರ ಬಣ್ಣ ಚಕ್ಕಿ ಚಕ್ಕಿ ಏಳತೇತಿ. ಮತ್ತ ಒಣಗೂತನಕಾ ಮುಟ್ಟಬ್ಯಾಡ್ರಿ. ಎಲ್ಲಾರೂ ಅಲ್ಲೇ ಕೆಡಸ್ತಾರ.”

ನಾನು ಮುಟ್ಟಲಿಲ್ಲ. ಅತ್ತೆಯವರು ಮುಟ್ಟಿದರು.

ಪ್ರತಿ ಅಮಾವಾಸ್ಯೆಗೆ ಕಾರಿನ ಪೂಜೆ ಅವರದೇ. ಆ ದಿನ ಬೆಳಿಗ್ಗೆ ನಾನು ಕ್ಲಿಯರ್ ಹೊಡೆದು ಚಿಪ್ಪನ್ನು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಸ್ನಾನ ಮುಗಿಸಿ ಹೊರಗೆ ಬಂದು ನೋಡಿದರೆ, ಕಾರಿಗೆ ವಿಭೂತಿ ಹಚ್ಚಿಯಾಗಿದೆ, ಕಾಯಿ ಒಡೆದಾಗಿದೆ. ನನ್ನ ಚಿಪ್ಪಿನ ಮೇಲೂ ಒದ್ದೆ ವಿಭೂತಿಯ ಮೂರು ಬೆರಳು ಆಳಕ್ಕೆ ಇಳಿದಿವೆ, ಪಕ್ಕದಲ್ಲೊಂದು ಚೆಂಡು ಹೂ ಅಂಟಿಕೊಂಡಿದೆ.

“ಅತ್ತಿ, ಏನ ಮಾಡಿದ್ರಿ ಇದು?”

“ಅದೂ ಕಾರಿಂದ ಅಲ್ಲೇನವಾ? ಎಲ್ಲಾದಕ್ಕೂ ಹಚ್ಚಿ ಅದನ್ನೊಂದ ಹೆಂಗ ಬಿಡ್ಲಿ?”

ನನಗೆ ಅಳು ಬಂತು. ಅವರೆದುರು ಅಳುವುದು ಬೇಡವೆಂದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಬಳಿ ಕೂತೆ. ಆದರೆ ಕೂತರೆ ಕೆಲಸ ಆಗುತ್ತದೆಯೇ? ಬಣ್ಣ ಗಟ್ಟಿಯಾದ ಮೇಲೆ ಮತ್ತೆ ಉಪ್ಪುಕಾಗದ ಹಿಡಿದು ತಿಕ್ಕತೊಡಗಿದೆ. ಶಾಲೆಯಿಂದ ಬಸ್ಸಿನಲ್ಲಿ ಬಂದು, ಸೀರೆ ಬದಲಿಸಿ, ನಳದ ಕೆಳಗೆ ಕೂತು ತಿಕ್ಕುವುದು. ಬೆರಳ ತುದಿಗಳು ಬೆಳ್ಳಗಾಗಿ ಸುಕ್ಕುಗಟ್ಟಿದವು. ನಮ್ಮ ಮನೆಯವರು ಹಾದುಹೋಗುವಾಗಲೆಲ್ಲ “ಇನ್ನೂ ನಡದೇತೇನು?” ಎಂದು ಕೇಳುವರು. “ನಡದೇತಿ, ನಿಮ್ಮ ಅಣ್ಣಾರ ಬರೂತನಕಾ ನಡೀತೇತಿ,” ಎನ್ನುತ್ತಿದ್ದೆ. ಬಾಯಿ ಜೋರಿತ್ತು, ಒಳಗೆ ದಿನ ಎಣಿಸುತ್ತಿದ್ದೆ.

ಅತ್ತೆಯವರಿಗೆ ತಪ್ಪಿನ ಅರಿವಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಸಲ ನಾನು ಕ್ಲಿಯರ್ ಹೊಡೆದು ಇಟ್ಟಾಗ ಕುರ್ಚಿ ತಂದು ಕಟ್ಟೆಯ ಬಳಿ ಹಾಕಿಕೊಂಡರು. ಕಸ ಹೊಡೆಯಲು ಬಂದವಳನ್ನು “ಧೂಳ ಎಬ್ಬಸಬ್ಯಾಡ, ನಾಳಿ ಬಾ,” ಎಂದು ಕಳಿಸಿದರು. ವಾರ ಕಳೆದ ಮೇಲೆ ಉಗುರು ಹಾಕಿ ಗೀರಿದೆ. ಏಳಲಿಲ್ಲ. ಕಲ್ಲು ತಾಗದಿರಲೆಂದು ಚಿಪ್ಪಿನ ಮೂತಿಗೆ ಅಂಗಡಿಯವರು ಕೊಟ್ಟ ಪಾರದರ್ಶಕ ಹಾಳೆ ಅಂಟಿಸಿ, ಕನ್ನಡಿಗೆ ಟಕ್ಕೆಂದು ಕೂರಿಸಿದೆ.

ರವಿವಾರ ಭಾವನವರು ಅಕ್ಕಿ ಚೀಲದೊಂದಿಗೆ ಬಂದರು. ಚಹಾ ಆದ ಮೇಲೆ ನಮ್ಮ ಮನೆಯವರು ಅವರನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು.

“ಅಣ್ಣಾ, ಇದರಾಗ ಒಂದ ಕನ್ನಡಿ ಬಡದೇತಿ. ಯಾವುದ ಹೇಳು ನೋಡೂಣು.”

ಭಾವನವರು ಚಾಳೀಸು ಹಾಕಿಕೊಂಡು ಎಡಗಡೆಗೇ ಮೊದಲು ಹೋದರು. ಬಗ್ಗಿದರು. ಹೆಬ್ಬೆರಳಿನಿಂದ ಮೂತಿಯ ಮೇಲೆ ಸವರಿದರು, ಬೆಳಕಿಗೆ ವಾರೆಯಾಗಿ ನೋಡಿದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ. ಅವರು ಬಲಗಡೆಗೆ ಹೋದರು. ಅಲ್ಲಿ ಬಗ್ಗಲೂ ಇಲ್ಲ.

“ಇದ. ಕೇಳೂದೇನೈತಿ ಇದರಾಗ?”

ಆಗಲೇ ನಾನೂ ಬಲಗನ್ನಡಿಯನ್ನು ಸರಿಯಾಗಿ ನೋಡಿದ್ದು. ಒಂದು ತಿಂಗಳು ನನ್ನ ಜೀವವೆಲ್ಲ ಎಡಗಡೆಯದರ ಮೇಲಿತ್ತು. ಬಲಗಡೆಯದರ ಮೂತಿಯ ತುಂಬ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು, ತುದಿಗೊಂದು ಉದ್ದ ಗೀರು. ಆ ತಿಂಗಳೆಲ್ಲ ಕಾರು ಓಡಿಸಿದವರು ನಮ್ಮ ಮನೆಯವರು.

“ಅದು ಬೈಪಾಸಿನ್ಯಾಗ ಕಲ್ಲ ಸಿಡಿದಾವ,” ಎಂದರು ಅವರು.

“ಲಾರಿ ಹಿಂದ ಹತ್ತಿಕೊಂಡ ಹೋದ್ರ ಸಿಡಿದ ಸಿಡೀತಾವ. ಈ ಗೀರನೂ ಕಲ್ಲ ಮಾಡೇತೇನು?” ಎಂದರು ಭಾವನವರು.

ನಮ್ಮ ಮನೆಯವರು ಜೇಬಿಗೆ ಕೈ ಹಾಕಿ ಕೀಲಿ ತೆಗೆದು ನನ್ನತ್ತ ಹಿಡಿದರು. ಒಂದು ತಿಂಗಳಿಂದ ನಳದ ಕೆಳಗೆ ಕೂತು ನಾನು ಎಷ್ಟು ಮಾತು ಜೋಡಿಸಿಟ್ಟಿದ್ದೆ. ಒಂದೂ ಬೇಕಾಗಲಿಲ್ಲ. ಕೀಲಿ ಇಸಿದುಕೊಂಡೆ.

“ಸಂಜಿ ಮುಂದ ಮುಗದಕ್ಕ ನಾನ ಬಿಡ್ತೇನ್ರಿ,” ಎಂದೆ ಭಾವನವರಿಗೆ.

ಅವರು ಒಮ್ಮೆ ನನ್ನನ್ನೂ, ಒಮ್ಮೆ ತಮ್ಮನನ್ನೂ ನೋಡಿ, “ಆತವಾ,” ಎಂದರು. ಸಂಜೆ ಅವರು ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತರು. ನಮ್ಮ ಮನೆಯವರು ಗೇಟು ತೆಗೆದು, ನಾನು ಕಂಬ ದಾಟುವತನಕ ಹಿಡಿದು ನಿಂತು, ಆಮೇಲೆ ಹಿಂದಿನ ಸೀಟಿಗೆ ಬಂದು ಹತ್ತಿದರು.