ಸಮಾಧಿಯ ಎಡಕ್ಕೆ ಒಂದು ಟವೆಲ್

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಯುದ್ಧದಲ್ಲಿ ಶೌರ್ಯ ಪದಕ ಪಡೆದ ಸೈನಿಕ. ಗುಂಡು ಹಾರುತ್ತಿದ್ದ ಬಯಲಿನಲ್ಲಿ ತೆವಳುತ್ತ ಹೋಗಿ, ಗಾಯಗೊಂಡು ಬಿದ್ದಿದ್ದ ಜೊತೆಗಾರನನ್ನು ಬೆನ್ನ ಮೇಲೆ ಹಾಕಿಕೊಂಡು ಬಂದವನು. ಇಂಥ ವೀರನಿಗೆ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸೀಟು ಹಿಡಿಯುವುದು ಕೊನೆಯತನಕ ಸಾಧ್ಯವಾಗಲಿಲ್ಲ. ಇದನ್ನು ಪದಕ ಕೊಟ್ಟವರು ಗಮನಿಸಿದಂತಿಲ್ಲ. ಬಸ್ಸು ಬಂದು ಜನ ಬಾಗಿಲಿಗೆ ಮುತ್ತಿಗೆ ಹಾಕಿದರೆ, ಕಾಕಾ "ಮೊದಲ ನೀವು ಹತ್ರಿ" ಎನ್ನುತ್ತ ಹಿಂದೆ ಸರಿಯುತ್ತಿದ್ದ.

ಆ ರಣರಂಗ ಅವನ ಹೆಂಡತಿ, ನಮ್ಮ ಕಾಕುವಿನದು. ಬಸ್ಸು ಇನ್ನೂ ಹೊರಳುತ್ತಿರುವಾಗಲೇ ಗಂಡನ ಹೆಗಲ ಮೇಲಿನ ಟವೆಲ್ ಸೆಳೆದು, ಕಿಟಕಿಯೊಳಗೆ ಸೀಟಿನ ಮೇಲೆ ಒಗೆಯುತ್ತಿದ್ದಳು. ಟವೆಲ್ ಬಿದ್ದ ಸೀಟು ಟವೆಲಿನವರದು. ನಾವು ನೀರಿಗೆ, ಬದುವಿಗೆ, ಭಾಷೆಗೆ, ಗಡಿಗೆ ತಕರಾರು ತೆಗೆಯುವ ಜನ. ಟವೆಲಿನ ವಿಷಯದಲ್ಲಿ ಮಾತ್ರ ಯಾರೂ ಚಕಾರ ಎತ್ತುವುದಿಲ್ಲ.

ಕಾಕಾ ನಿವೃತ್ತನಾಗಿ ಬಂದು, ಕಬ್ಬು ಬೆಳೆದು, ವಯಸ್ಸಾಗಿ, ಪಡಸಾಲಿಯ ಹೊರಸಿನ ಮೇಲೆ ಸದ್ದಿಲ್ಲದೆ ತೀರಿಕೊಂಡ. ನಮ್ಮ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ, ಕೂಡ್ರಿಸಿ, ಹೂಳುವ ರೂಢಿ. ಗಂಡನ ಎಡಕ್ಕೆ ಹೆಂಡತಿಯ ಜಾಗ. ಮಣ್ಣು ಕೊಟ್ಟ ದಿನವೇ ಕಾಕು ಎಲ್ಲರೆದುರು ಹೇಳಿದ್ದಳು: "ಇವರ ಎಡಕ್ಕ ನಾ ಬರಾಕಿ. ಅಲ್ಲಿ ಕಬ್ಬ ಹಚ್ಚಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದೆವು. ಅಂಥ ದಿನ ಯಾವುದಕ್ಕೂ ತಲೆಯಾಡಿಸುತ್ತಾರೆ.

ಕೆಲವು ವರ್ಷ ಕಳೆದವು. ಊರಿನ ಯುವಕ ಮಂಡಳಕ್ಕೆ, ತಮ್ಮೂರಲ್ಲಿ ಒಬ್ಬ ವೀರ ಮಣ್ಣಾಗಿದ್ದಾನೆ, ಅವನಿಗೊಂದು ಮೂರ್ತಿ ಇಲ್ಲ ಎಂಬ ಚಿಂತೆ ಹತ್ತಿತು. ಮಂಡಳದ ಅಧ್ಯಕ್ಷ ನಮ್ಮ ಪಡಸಾಲಿಯಲ್ಲಿ ಸಭೆ ಸೇರಿಸಿದ. ಆಳೆತ್ತರದ ಮೂರ್ತಿ, ಕೈಯಲ್ಲಿ ಬಂದೂಕು, ಕೊಲ್ಲಾಪುರದ ಕಲಾವಿದರ ಕೆಲಸ, ಕಟ್ಟೆ ಸಮಾಧಿಯ ಬಾಜೂಕ, ಪಕ್ಕದಲ್ಲೇ. ನನ್ನ ಅಣ್ಣ ಹೂಂ ಅಂದ, ನಾವೂ ಹೂಂ ಅಂದೆವು. ಕಾಕು ಒಳಗೆ ಚಹಾ ಮಾಡುತ್ತಿದ್ದಳು. ಸಕ್ಕರೆ ಎಷ್ಟು ಹಾಕಬೇಕೆಂದು ಅವಳು ನಮ್ಮನ್ನು ಕೇಳಿದಳು. ನಾವು ಅವಳನ್ನು ಏನೂ ಕೇಳಲಿಲ್ಲ.

ಸಮಾಧಿಯ ಹಿಂದೆ ಪಕ್ಕದ ಹೊಲದವರ ಬದು, ಬಲಕ್ಕೆ ಬೋರ್‌ವೆಲ್, ಮುಂದೆ ಗಾಡಿದಾರಿ. ತೆರವಿದ್ದದ್ದು ಎಡಬದಿಯೊಂದೇ. ಕಟ್ಟಡ ಕೆಲಸದ ಗೌಂಡಿ ಅಲ್ಲಿಯೇ ಸುಣ್ಣದ ಪುಡಿಯಿಂದ ಕಟ್ಟೆಯ ಗುರುತು ಹಾಕಿ ಹೋದ. ಮರುದಿನ ಮುಂಜಾನೆ ಸಮಾಧಿಗೆ ಹೂವು ಏರಿಸಲು ಹೋದ ಕಾಕು ಅದನ್ನು ನೋಡಿದಳು. ಮನೆಗೆ ಬಂದಳು. ಟ್ರಂಕಿನಿಂದ ಕಾಕಾನ ಹಳೆಯ ಪಟ್ಟೆಯ ಟವೆಲ್ ತೆಗೆದುಕೊಂಡು ಹೊಲಕ್ಕೆ ಮರಳಿದಳು.

ಅಡಿಪಾಯ ತೋಡಲು ಗುದ್ದಲಿ ಹಿಡಿದು ಬಂದ ಗೌಂಡಿ ನಿಂತಲ್ಲೇ ನಿಂತ. ಸುಣ್ಣದ ಗೆರೆಯ ನಡುವೆ ಟವೆಲ್ ಹಾಸಿತ್ತು, ಮೇಲೊಂದು ಕಲ್ಲು. ಅಷ್ಟು ದೂರದಲ್ಲಿ ಕಾಕು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಗೌಂಡಿ ಫೋನ್ ಮಾಡಿ ಅಧ್ಯಕ್ಷನನ್ನು ಕರೆಸಿದ, ಅವನ ಹಿಂದೆ ಅಣ್ಣ, ಅಣ್ಣನ ಹಿಂದೆ ನಾನು.

"ಇದ್ಯಾರ ಟವೆಲ್?" ಅಂದ ಅಧ್ಯಕ್ಷ.

"ನಂದು," ಕಾಕು ತಲೆ ಎತ್ತಲಿಲ್ಲ.

"ಕಾಕು, ಇದೇನ ಬಸ್ಸ ಏನ್ರಿ?"

"ಕೂಡ್ರೂ ಜಾಗಾ ಹೌದಿಲ್ಲೋ? ನಿಮ್ಮ ಕಾಕಾ ಕುಂತಾರ. ಬಾಜೂಕ ನಾ ಕೂಡ್ರಾಕಿ. ನೀ ಯಾರನ್ನರ ನಿಂದ್ರಸಾಂವ ಇದ್ರ ಬ್ಯಾರೆ ಕಡೆ ನಿಂದ್ರಸು."

"ಮೂರ್ತಿನೂ ಕಾಕಾರದ ಐತೆಲ್ರಿ!"

"ಒಬ್ಬ ಮನಶ್ಯಾಗ ಎರಡ ಸೀಟ ಯಾಕ ಬೇಕೋ?"

ಅಣ್ಣ ಮೆತ್ತಗೆ ಮುಂದೆ ಬಂದ. "ಕಾಕು, ಮೂರ್ತಿ ಹಿಂದ ನಿನಗ ಜಾಗಾ ಬಿಡ್ತೀವಿ. ತಗಿ ಟವೆಲ್."

"ಹಿಂದಿನ ಸೀಟಿನ್ಯಾಗ ಕುಂತರ ನನಗ ವಾಂತಿ ಬರತೈತಿ. ಸಣ್ಣಾಂವ ಇದ್ದಾಗಿಂದ ನೋಡಿಯಲ್ಲ."

ಅಧ್ಯಕ್ಷ ಗೌಂಡಿಯ ಕಡೆ ನೋಡಿದ. ಗೌಂಡಿ ಗುದ್ದಲಿ ಕೆಳಗಿಟ್ಟ. "ಟವೆಲ್ ನಾ ಮುಟ್ಟಾಂವಲ್ರಿ. ನೀವ ತಗೀರಿ." ಅಧ್ಯಕ್ಷ ಅಣ್ಣನ ಕಡೆ ನೋಡಿದ. ಅಣ್ಣ ಬೋರ್‌ವೆಲ್ ಕಡೆ ನೋಡಿದ.

ಕಾಕು ಕುಡಗೋಲು ಬದಿಗಿಟ್ಟು ಎದ್ದು ನಿಂತಳು. "ಪಲ್ಟನ್‌ದಾಗ ಇರೂತನಕ ಅವರ ಬಾಜೂಕ ನಾ ಇರಲಿಲ್ಲ. ಪದಕ ಹಾಕಿದಾಗ ನಾ ಇಲ್ಲೆ ಎಮ್ಮಿ ಹಿಂಡಾಕತ್ತಿದ್ನಿ. ನೀವು ಮೂರ್ತಿ ಎಲ್ಲೆರ ಮಾಡ್ರಿ, ನಾನೂ ಬಂದು ಕೈ ಮುಗಿತೀನಿ. ಇದೊಂದ ಜಾಗಾ ನನಗ ಬಿಡ್ರಿ."

ಅಧ್ಯಕ್ಷ ಮೀಸೆಯ ಮೇಲೆ ಕೈಯಾಡಿಸಿದ. ಕೈಗೆ ಬೇರೆ ಕೆಲಸವಿರಲಿಲ್ಲ. ಆಮೇಲೆ ಬಗ್ಗಿ, ಕಾಲಿನಿಂದ ಅಲ್ಲ, ಕೈಯಿಂದಲೇ, ಸುಣ್ಣದ ಗೆರೆಯನ್ನು ಅಳಿಸಿದ. ಮೂರು ಬದಿ ಅವನು ಅಳಿಸಿದ, ನಾಲ್ಕನೆಯದನ್ನು ಗೌಂಡಿ.

ಮೂರ್ತಿ ಹುಲ್ಲಿನ ಮೆತ್ತೆಯಲ್ಲಿ ಸುತ್ತಿಸಿಕೊಂಡು, ಕೊಗನೊಳ್ಳಿಯ ಗಡಿ ನಾಕಾ ದಾಟಿ, ಟ್ರಾಕ್ಸ್ ಜೀಪಿನಲ್ಲಿ ಮಲಗಿಕೊಂಡು ಬಂತು. ಕಾಕಾ ಹೀಗೆ ಆರಾಮಾಗಿ ಪ್ರಯಾಣ ಮಾಡಿದ್ದು ಅದೇ ಮೊದಲು. ಈಗ ಊರ ಬಸ್ ಸ್ಟಾಪಿನ ಬೇವಿನ ಮರದ ಕೆಳಗೆ ನಿಂತಿದ್ದಾನೆ. ಬಂದೂಕು ಕೈಯಲ್ಲಿದ್ದರೂ ಮುಖ ಮಾತ್ರ ಅದೇ. ಬಸ್ಸು ಬರುತ್ತದೆ, ಜನ ನುಗ್ಗುತ್ತಾರೆ, ಕಾಕಾ ಎಲ್ಲರಿಗೂ ದಾರಿ ಬಿಟ್ಟು ನಿಂತಿರುತ್ತಾನೆ. ಕಾಕು ರಾಯಬಾಗಕ್ಕೆ ಹೊರಟಾಗ ಕೈ ಮುಗಿದು, ಆಮೇಲೆ ಟವೆಲ್ ಒಗೆಯುತ್ತಾಳೆ.

ಹೊಲದ ಟವೆಲ್ ಬಿಸಿಲಿಗೆ ಬಣ್ಣ ಕಳೆದುಕೊಂಡು ಪಿಸಿದು ಹರಿದಾಗ ಅವಳೇ ಬದಲಿಸುತ್ತಾಳೆ. ಕಳೆದ ಸಲ ನಾನು ಊರಿಗೆ ಹೋದಾಗ ಹೊಸದನ್ನು ಹಾಸುತ್ತಿದ್ದಳು. ಹಳೆಯದರಿಂದ ಸಮಾಧಿಯ ಧೂಳು ಒರೆಸಿದಳು, ಹೊಸದರ ಮೇಲೆ ಅದೇ ಕಲ್ಲಿಟ್ಟಳು. ಕಬ್ಬಿಗೆ ಬಿಟ್ಟ ನೀರು ಸಾಲು ಒಡೆದು ಈ ಕಡೆಗೇ ಹರಿದು ಬರುತ್ತಿತ್ತು.

"ನಿಂತ ನೋಡ್ತೀಯೇನೋ? ಸಲಿಕಿ ತಗೊಂಡು ನೀರ ತಿರುವು," ಅಂದಳು. "ಸೀಟ ತೊಯ್ಯಾಕತ್ತೈತಿ."

ಚಪ್ಪಲಿ ಬಿಟ್ಟು, ಪ್ಯಾಂಟು ಮೇಲೆ ಮಡಚಿ, ಮಣ್ಣು ಹಾಕಿ ನೀರು ತಿರುಗಿಸಿದೆ.