ಬರದೇ ಹೋದ ಹೃದಯಾಘಾತ

ಮುಚ್ಚಿಹೋದ ರಕ್ತನಾಳವನ್ನು ತೆರೆಯುವುದೇ ವೈದ್ಯವಿದ್ಯೆಯ ತುದಿ ಎಂದು ನಾನು ನಂಬಿದ್ದ ಕಾಲ ಅದು. ಚೆನ್ನೈಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೃದ್ರೋಗ ತಜ್ಞೆಯಾಗಲು ತರಬೇತಿ ಪಡೆಯುತ್ತಿದ್ದೆ. ವೆಸ್ಟ್ ಮಾಂಬಲಂನ ಕನ್ನಡಿಗರೊಬ್ಬರು, ನಲವತ್ತೊಂದು ವಯಸ್ಸು, ಎದೆ ಹಿಡಿದುಕೊಂಡು ಬಂದರು. ನಾನೇ ಸ್ಟೆಂಟ್ ಹಾಕಿದೆ. ಮರುದಿನ ಬೆಳಿಗ್ಗೆ ಅವರು ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರು. ನಮ್ಮ ಪ್ರೊಫೆಸರ್ ಮೇಡಂ ರೌಂಡ್ಸ್‌ಗೆ ಬಂದಾಗ ಆಂಜಿಯೋಗ್ರಾಂ ತೋರಿಸಿ, ಶಹಬ್ಬಾಸ್‌ಗಾಗಿ ಕಾದೆ.

ಮೇಡಂ ತಲೆಯಾಡಿಸಿದರು, ಅಷ್ಟೇ. ಅವರ ಕಣ್ಣು ಮಂಚದ ಪಕ್ಕ ನಿಂತಿದ್ದ ರೋಗಿಯ ಹದಿನಾರರ ಮಗಳ ಮೇಲಿತ್ತು.

"ಚಪ್ಪಲಿ ಬಿಟ್ಟು ಕೊಂಜ ಆ ಕಡೆ ತಿರುಗಮ್ಮ."

"ಅಪ್ಪಾಗೆ ತಾನೇ ಪ್ರಾಬ್ಲಂ? ನಾನ್ ನಲ್ಲಾ ಇರುಕ್ಕೇನ್ ಮೇಡಂ." ತಾನು ಚೆನ್ನಾಗಿಯೇ ಇದ್ದೇನೆಂದು ಹುಡುಗಿ ನಕ್ಕಳು.

ಅರವತ್ತರ ಹತ್ತಿರವಿದ್ದ ಮೇಡಂ ನೆಲಕ್ಕೆ ಮೊಣಕಾಲೂರಿ, ಅವಳ ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ಇರಬೇಕಾದ್ದಕ್ಕಿಂತ ದಪ್ಪ, ಗಂಟುಗಂಟು. ಹುಟ್ಟಿನಿಂದಲೇ ರಕ್ತದಲ್ಲಿ ವಿಪರೀತ ಕೊಲೆಸ್ಟ್ರಾಲ್ ಇರುವವರಿಗೆ ಅಲ್ಲಿ ಹಾಗೆ ಕಟ್ಟಿಕೊಳ್ಳುತ್ತದೆಂದು ಓದಿದ್ದೆ. ಬೆರಳಿಗೆ ಸಿಕ್ಕಿದ್ದು ಅದೇ ಮೊದಲು.

"ಒಬ್ಬರನ್ನ ಉಳಿಸಿದೀಯ," ವಾರ್ಡಿನ ಹೊರಗೆ ಮೇಡಂ ಅಂದರು. "ಮನೇಲಿ ಇನ್ನೂ ಯಾರ್ಯಾರಿದಾರೆ, ಕೇಳಿದ್ಯಾ?"

ಕೇಳಿರಲಿಲ್ಲ.

ಆ ಭಾನುವಾರ ಮನೆಯವರೆಲ್ಲರ ರಕ್ತ ತೆಗೆಯಲೆಂದು ಇಬ್ಬರೂ ರೋಗಿಯ ಮನೆಗೆ ಹೋದೆವು. ಕ್ರೋಂಪೇಟೆಯಿಂದ ರೋಗಿಯ ಅಣ್ಣನೂ ಬಂದಿದ್ದರು. ತೆಳ್ಳಗಿನ ಆಳು, ದಿನಾ ಬೆಳಿಗ್ಗೆ ಓಡುವವರು. ಮೇಡಂ ಚಾಪೆಯ ಮೇಲೆ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶವೃಕ್ಷ ಬರೆಯತೊಡಗಿದರು. ಅಣ್ಣತಮ್ಮಂದಿರ ತಾಯಿಗೆ ಅದು ಹಿಡಿಸಲಿಲ್ಲ.

"ಗಟ್ಟಿಮುಟ್ಟಾಗಿರೋರಿಗೆಲ್ಲ ಸೂಜಿ ಯಾಕಮ್ಮ?"

"ನಿಮ್ಮ ಯಜಮಾನ್ರಿಗೆ ಏನಾಗಿತ್ತು, ಹೇಳಿ."

"ಊಟಕ್ಕೆ ಕೂತಿದ್ರು, ಹಾಗೇ ಒರಗಿಬಿಟ್ರು. ನಲವತ್ತೆರಡು. ನಮ್ಮ ಮಾವನೋರೂ ಹಾಗೇ ಅಂತೆ, ನಾನು ಮದುವೆಯಾಗಿ ಬರೋಕೆ ಮುಂಚೆ. ಈ ಮನೆ ಗಂಡಸರಿಗೆ ಆಯುಸ್ಸೇ ಅಷ್ಟು ಅಂದ್ಕೊಂಡಿದ್ವಿ."

ಮೇಡಂ ಪೆನ್ನು ಕೆಳಗಿಟ್ಟರು. "ಆಯುಸ್ಸಿನ ಮಾತಲ್ಲಮ್ಮ, ವಂಶದಲ್ಲಿ ಬರೋ ಕೊಲೆಸ್ಟ್ರಾಲ್ ದೋಷ. ಇದಕ್ಕೆ ಮಾತ್ರೆ ಇದೆ."

ತಾಯಿ ಹಿರಿಮಗನ ಶರ್ಟಿನ ತೋಳನ್ನು ತಾವೇ ಮೇಲೆ ಮಡಚಿ, ಅವರ ಕೈಯನ್ನು ನನ್ನ ಮುಂದೆ ಚಾಚಿದರು.

ಅಣ್ಣನಿಗೂ ಆ ಹುಡುಗಿಗೂ ಅದೇ ದೋಷವಿತ್ತು. ಇಬ್ಬರೂ ಮಾತ್ರೆ ಶುರುಮಾಡಿದರು. ತರಬೇತಿ ಮುಗಿದ ಮೇಲೆ ನಾನು, ರೋಗಿಗಳ ಮನೆಯವರನ್ನು ಪರೀಕ್ಷಿಸಲು ಮೇಡಂ ನಡೆಸುತ್ತಿದ್ದ ಪುಟ್ಟ ಹೊರರೋಗಿ ಕೋಣೆಗೇ ಸೇರಿಕೊಂಡೆ. "ಕಾಯಿಲೆ ಇಲ್ಲದೋರ ಡಾಕ್ಟರ್" ಎಂದು ಗೆಳೆಯರು ನಕ್ಕರು. ಮೇಡಂ ನಿವೃತ್ತರಾದಾಗ ಅವರು ಮಾಡುತ್ತಿದ್ದ ಪಾಠವೂ ನನ್ನ ಪಾಲಿಗೆ ಬಂತು. ಈಗ ವಿದ್ಯಾರ್ಥಿಗಳನ್ನು ಕರೆದುಕೊಂಡು ಮನೆಮನೆಗೆ ಹೋಗುವವಳು ನಾನು.

ಹೋದ ವರ್ಷ ಕ್ರೋಂಪೇಟೆಯ ಆ ಅಣ್ಣನ ಷಷ್ಟ್ಯಬ್ದಿಗೆ ಕರೆ ಬಂತು. ಎಂಬತ್ತು ದಾಟಿದ ತಾಯಿ ನನ್ನ ಕೈ ಹಿಡಿದುಕೊಂಡು ಮುಂದಿನ ಸಾಲಿಗೆ ಕರೆದೊಯ್ದರು.

"ಈ ಮನೇಲಿ ಇಂಥ ಕಾರ್ಯ ನಡೀತಿರೋದು ಇದೇ ಮೊದಲು ಕಣಮ್ಮ."

ಕಲಶದ ನೀರು ತಲೆಯ ಮೇಲೆ ಬಿದ್ದಾಗ ದಂಪತಿಗಳಿಬ್ಬರೂ ಬೆಚ್ಚಿ ನಕ್ಕರು. ತಾಯಿಯ ಕೈ ಬಿಡದೆ ನಾನು ನೋಡುತ್ತ ನಿಂತೆ.